ಓವರ್‌ಕ್ಲಾಕಿಂಗ್: ತಾಳವಾಡಿಯ ಚಳಿಯಲ್ಲಿ ಪಾಸಾದ ಕಂಪ್ಯೂಟರ್ ಕರಾವಳಿಯ ಸೆಕೆಯಲ್ಲಿ ಫೇಲಾಗುವುದೇಕೆ?

ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟ ಸೀಮೆ ತಮಿಳುನಾಡಿನಲ್ಲಿದ್ದರೂ ಅಲ್ಲಿನ ಮನೆಮಾತು ಹೆಚ್ಚಾಗಿ ಕನ್ನಡವೇ. ವರನಟ ಡಾ. ರಾಜ್‌ಕುಮಾರ್ ಅವರ ಹುಟ್ಟೂರು ಗಾಜನೂರು ಇರುವುದು ಇಲ್ಲೇ. ಕೆಳಗಿನ ಸತ್ಯಮಂಗಲಕ್ಕೆ ಹೋಗಬೇಕಾದರೆ ಹುಲಿ ಸಂರಕ್ಷಿತ ಕಾಡಿನ ನಡುವೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಮೇಲಿನ ಕಡೆ ಹತ್ತಿರದ ಪೇಟೆ ಎಂದರೆ ಚಾಮರಾಜನಗರ. ಡಿಸೆಂಬರ್, ಜನವರಿಯ ಬೆಳಗ್ಗೆ ಅಲ್ಲಿ ಸ್ವೆಟರ್ ಇಲ್ಲದೆ ಹೊರಗೆ ಬರುವುದು ಕಷ್ಟ. ಅದೇ ಹೊತ್ತಿಗೆ ಉಳ್ಳಾಲದಲ್ಲೋ ಸುರತ್ಕಲ್‌ನಲ್ಲೋ ಫ್ಯಾನ್ ತಿರುಗುತ್ತಲೇ ಇರುತ್ತದೆ.

ಹವಾಮಾನದ ಈ ವ್ಯತ್ಯಾಸಕ್ಕೂ ಕಂಪ್ಯೂಟರಿಗೂ ಏನು ಸಂಬಂಧ? ಪ್ರೊಸೆಸರನ್ನು ಕಂಪೆನಿ ಕೊಟ್ಟದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಲು ಹೊರಟವರಿಗೆ ತುಂಬಾ ಸಂಬಂಧ ಉಂಟು. ಮದುವೆ ವಿಡಿಯೋ ಎಡಿಟಿಂಗ್, ಡಿಟಿಪಿ, ಗೇಮಿಂಗ್, ಇಂಜಿನಿಯರಿಂಗ್ ಪ್ರಾಜೆಕ್ಟ್ ಎಂದು ನಮ್ಮ ಎಷ್ಟೋ ಯುವಕರು ಮನೆಯಲ್ಲೇ ಡೆಸ್ಕ್‌ಟಾಪ್ ಜೋಡಿಸಿಕೊಳ್ಳುತ್ತಿದ್ದಾರೆ. ಅವರಲ್ಲಿ ಕೆಲವರು ಯೂಟ್ಯೂಬ್ ನೋಡಿ ಯಾರೋ ಹಾಕಿದ ಸೆಟ್ಟಿಂಗನ್ನು ಹಾಗೇ ನಕಲು ಮಾಡ್ತಾರೆ. ಎರಡು ದಿನ ಎಲ್ಲ ಚೆನ್ನಾಗಿರುತ್ತದೆ. ಮೂರನೇ ದಿನ ನೀಲಿ ಪರದೆ! ಯಾಕೆ ಹೀಗೆ, ಸ್ಥಿರವಾದ ಸೆಟ್ಟಿಂಗ್ ಹುಡುಕುವ ಸರಿಯಾದ ಕ್ರಮ ಯಾವುದು, ಇಷ್ಟೆಲ್ಲ ಮಾಡಿ ಲಾಭ ಉಂಟೋ ಇಲ್ಲವೋ ಎಂದು ನೋಡೋಣ.

ವೇಗ ಎಂದರೆ ಒಂದು ಗುಣಾಕಾರ

ಪ್ರೊಸೆಸರಿನ ವೇಗ ಎರಡು ಸಂಖ್ಯೆಗಳ ಗುಣಲಬ್ಧ. ಒಂದು ಮದರ್‌ಬೋರ್ಡ್ ಕೊಡುವ ಮೂಲ ಗಡಿಯಾರ, ಈಗ ಹೆಚ್ಚಿನ ಯಂತ್ರಗಳಲ್ಲಿ 100 ಮೆಗಾಹರ್ಟ್ಸ್. ಇನ್ನೊಂದು ಮಲ್ಟಿಪ್ಲೈಯರ್. ಮಲ್ಟಿಪ್ಲೈಯರ್ 45 ಇದ್ದರೆ ವೇಗ 4500 ಮೆಗಾಹರ್ಟ್ಸ್, ಅಂದರೆ 4.5 ಗಿಗಾಹರ್ಟ್ಸ್. ಅದನ್ನು 48 ಮಾಡಿದರೆ 4.8. ಓವರ್‌ಕ್ಲಾಕಿಂಗ್ ಎಂದರೆ ಮೂಲತಃ ಇಷ್ಟೇ.

ಇದು ಹೊಸ ಹುಚ್ಚೇನಲ್ಲ. 1998ರಲ್ಲಿ ಇಂಟೆಲ್ ತಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರಿನ ಮಲ್ಟಿಪ್ಲೈಯರ್ 4.5ಕ್ಕೆ ಬೀಗ ಹಾಕಿತ್ತು. ಜನ ಮೂಲ ಗಡಿಯಾರವನ್ನೇ 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರು. 300 ಮೆಗಾಹರ್ಟ್ಸ್‌ನ ಮಾಲು 450ರಲ್ಲಿ ಓಡಿತು. ಕಡಿಮೆ ದುಡ್ಡಿಗೆ ದುಬಾರಿ ಪ್ರೊಸೆಸರಿನ ಕೆಲಸ! ಓವರ್‌ಕ್ಲಾಕಿಂಗ್ ಮನೆಮಾತಾದದ್ದು ಅಂಥ ದಿನಗಳಲ್ಲಿ. ಇನ್ನೊಂದು ತುದಿಯಲ್ಲಿ ದಾಖಲೆ ಬರೆಯುವವರಿದ್ದಾರೆ. 2022ರ ಡಿಸೆಂಬರಿನಲ್ಲಿ ಇಂಟೆಲ್ ಕೋರ್ ಐ9-13900ಕೆ ಪ್ರೊಸೆಸರ್ ದ್ರವ ಹೀಲಿಯಂನ ತಂಪಿನಲ್ಲಿ 9 ಗಿಗಾಹರ್ಟ್ಸ್ ದಾಟಿತು. ಆದರೆ ಅದು ಒಂದು ಗಳಿಗೆಯ ಓಟ. ದಿನಕ್ಕೆ ಎಂಟು ಗಂಟೆ ದುಡಿಯುವ ಯಂತ್ರದ ಲೆಕ್ಕವೇ ಬೇರೆ.

ಎಲ್ಲ ಪ್ರೊಸೆಸರಿನಲ್ಲೂ ಇದು ಆಗುವುದಿಲ್ಲ ಎಂಬುದು ಮೊದಲು ಗೊತ್ತಿರಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಅಕ್ಷರ ಇರುವ ಪ್ರೊಸೆಸರಿಗೆ ಮಾತ್ರ ಮಲ್ಟಿಪ್ಲೈಯರ್ ಬೀಗ ತೆಗೆದಿರುತ್ತದೆ. ಜೊತೆಗೆ ‘ಝಡ್’ ಸಾಲಿನ ಚಿಪ್‌ಸೆಟ್ ಇರುವ ಮದರ್‌ಬೋರ್ಡ್ ಬೇಕು. ಎಎಂಡಿಯ ರೈಜನ್ ಪ್ರೊಸೆಸರುಗಳಲ್ಲಿ ಹೆಚ್ಚಿನವಕ್ಕೆ ಬೀಗ ಇಲ್ಲ, ಆದರೆ ಎ320, ಎ520ರಂಥ ಅಗ್ಗದ ಚಿಪ್‌ಸೆಟ್‌ನಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಲು ಅವಕಾಶ ಇಲ್ಲ. ರೈಜನ್ 7 5800ಎಕ್ಸ್3ಡಿಯಂಥ ಕೆಲವಕ್ಕೆ ಕಂಪೆನಿಯೇ ಬೀಗ ಹಾಕಿದೆ. ಇದನ್ನು ನೋಡದೆ ‘ಕೆ’ ಪ್ರೊಸೆಸರಿಗೆ ಸಾವಿರಾರು ರೂಪಾಯಿ ಜಾಸ್ತಿ ಕೊಟ್ಟು ಸಾದಾ ಬೋರ್ಡಿನಲ್ಲಿ ಕೂರಿಸಿದವರು ನಮ್ಮ ನಡುವೆಯೇ ಇದ್ದಾರೆ.

ವೋಲ್ಟೇಜಿನ ಬಡ್ಡಿ

ವೇಗ ಏರಿಸಿದಂತೆ ಪ್ರೊಸೆಸರಿನೊಳಗಿನ ಕೋಟ್ಯಂತರ ಸ್ವಿಚ್ಚುಗಳು ಇನ್ನೂ ಬೇಗ ತೆರೆದು ಮುಚ್ಚಬೇಕು. ಅದಕ್ಕೆ ವಿದ್ಯುತ್ತಿನ ಒತ್ತಡ, ಅಂದರೆ ವೋಲ್ಟೇಜ್ ಜಾಸ್ತಿ ಬೇಕು. ಸಾಲದೇ ಹೋದರೆ ಒಂದು ಸ್ವಿಚ್ ತನ್ನ ಸ್ಥಿತಿ ಬದಲಿಸುವ ಮೊದಲೇ ಮುಂದಿನ ಗಡಿಯಾರದ ಬಡಿತ ಬಂದುಬಿಡುತ್ತದೆ. 1 ಇರಬೇಕಾದಲ್ಲಿ 0 ಉಳಿಯುತ್ತದೆ. ಕಂಪ್ಯೂಟರ್ ಹ್ಯಾಂಗ್ ಆಗುವುದು, ನೀಲಿ ಪರದೆ ಬರುವುದು ಇದರಿಂದಲೇ.

ಹಾಗಾದರೆ ವೋಲ್ಟೇಜ್ ಧಾರಾಳ ಕೊಟ್ಟರಾಯಿತಲ್ಲ? ಇಲ್ಲೇ ಇರುವುದು ಚಕ್ರಬಡ್ಡಿ. ಪ್ರೊಸೆಸರ್ ಎಳೆಯುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರುತ್ತದೆ, ಆದರೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದು ಲೆಕ್ಕ ಹಾಕೋಣ. 4.5 ಗಿಗಾಹರ್ಟ್ಸ್‌ಗೆ 1.20 ವೋಲ್ಟ್ ಸಾಕಾಗಿತ್ತು, 4.8ಕ್ಕೆ 1.32 ವೋಲ್ಟ್ ಬೇಕಾಯಿತು ಎಂದಿಟ್ಟುಕೊಳ್ಳಿ. ವೇಗ ಏರಿದ್ದು ಶೇ. 6.7. ವೋಲ್ಟೇಜ್ ಏರಿದ್ದು ಶೇ. 10, ಅದರ ವರ್ಗ ಶೇ. 21. ಎರಡೂ ಸೇರಿದರೆ ವಿದ್ಯುತ್ತು, ಅಂದರೆ ಬಿಸಿ, ಶೇ. 29ರಷ್ಟು ಜಾಸ್ತಿ. ಏಳು ರೂಪಾಯಿಯ ಮಾಲಿಗೆ ಇಪ್ಪತ್ತೊಂಬತ್ತು ರೂಪಾಯಿ ಕೊಟ್ಟ ಹಾಗೆ.

ಬಿಸಿ ಏರಿದರೆ ಪ್ರೊಸೆಸರಿನೊಳಗೆ ವಿದ್ಯುತ್ ಸೋರಿಕೆಯೂ ಏರುತ್ತದೆ. ಸೋರಿಕೆ ಇನ್ನಷ್ಟು ಬಿಸಿ ತರುತ್ತದೆ. ಹಾಗಾಗಿ 70 ಡಿಗ್ರಿಯಲ್ಲಿ ಸರಿಯಾಗಿ ಓಡುವ ಸೆಟ್ಟಿಂಗ್ 90 ಡಿಗ್ರಿಯಲ್ಲಿ ಮುಗ್ಗರಿಸಬಹುದು. ಈ ಮಾತು ನೆನಪಿಡಿ, ತಾಳವಾಡಿಗೆ ಮತ್ತೆ ಬರುವಾಗ ಬೇಕಾಗ್ತದೆ.

ಶುರು ಮಾಡುವ ಮೊದಲು

ಮೊದಲ ಕೆಲಸ, ಮುಖ್ಯ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ ಆ ಡಿಸ್ಕನ್ನು ಕಂಪ್ಯೂಟರಿನಿಂದ ಕಳಚಿಡುವುದು. ಅಂಗಡಿಯ ಲೆಕ್ಕದ ಪುಸ್ತಕ ಇರುವ ಯಂತ್ರವಾದರೆ ಓವರ್‌ಕ್ಲಾಕ್ ಮಾಡುವ ವಿಚಾರವನ್ನೇ ಬಿಡುವುದು ಒಳ್ಳೆಯದು.

ಎರಡನೆಯದು, ಏನೂ ಬದಲಿಸದೆ ಯಂತ್ರದ ಈಗಿನ ಸ್ಥಿತಿ ಬರೆದಿಡುವುದು. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ಪ್ರತಿ ಕೋರಿನ ಉಷ್ಣತೆ, ವೇಗ, ವೋಲ್ಟೇಜ್, ವಾಟ್ ಎಲ್ಲ ತೋರಿಸುತ್ತದೆ. ಸಿನಿಬೆಂಚ್ ಒಮ್ಮೆ ಓಡಿಸಿ ಅಂಕ ಎಷ್ಟು, ಗರಿಷ್ಠ ಉಷ್ಣತೆ ಎಷ್ಟು, ಆಗ ಕೋಣೆಯ ಉಷ್ಣತೆ ಎಷ್ಟು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಫ್ಯಾಕ್ಟರಿ ಸೆಟ್ಟಿಂಗಿನಲ್ಲೇ 95 ಡಿಗ್ರಿ ಮುಟ್ಟುತ್ತಿದ್ದರೆ ಮೊದಲು ಕೂಲರ್ ಸರಿ ಮಾಡಿ, ಥರ್ಮಲ್ ಪೇಸ್ಟ್ ಬದಲಿಸಿ, ಧೂಳು ತೆಗೆಯಿರಿ. ಪೆಟ್ಟಿಗೆಯೊಳಗೆ ಉಚಿತವಾಗಿ ಬಂದ ಸಣ್ಣ ಕೂಲರ್ ಇಟ್ಟುಕೊಂಡು ಓವರ್‌ಕ್ಲಾಕಿಗೆ ಇಳಿಯುವುದು ಮುಂಡು ಉಟ್ಟು ಫುಟ್‌ಬಾಲ್ ಆಡಿದ ಹಾಗೆ.

ಮೂರನೆಯದು, ರ‍್ಯಾಮ್. ರ‍್ಯಾಮಿನ ವೇಗ ಏರಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಯ್ಕೆ ಕೂಡ ಒಂದು ಬಗೆಯ ಓವರ್‌ಕ್ಲಾಕಿಂಗೇ. ಪ್ರೊಸೆಸರ್ ಪರೀಕ್ಷೆ ಮುಗಿಯುವವರೆಗೆ ಅದನ್ನು ಬಂದ್ ಮಾಡಿಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾರದ್ದೆಂದು ಗೊತ್ತಾಗುವುದೇ ಇಲ್ಲ. ಪ್ರೊಸೆಸರ್ ಪಾಸಾದ ಮೇಲೆ ರ‍್ಯಾಮ್ ಏರಿಸಿ, ಮೆಮ್‌ಟೆಸ್ಟ್86 ಓಡಿಸಿ, ನಂತರ ಎರಡನ್ನೂ ಸೇರಿಸಿ ಮತ್ತೆ ಪರೀಕ್ಷಿಸಬೇಕು.

ನಾಲ್ಕನೆಯದು, ವಾಪಸ್ ಬರುವ ದಾರಿ. ಸೆಟ್ಟಿಂಗ್ ಕೆಟ್ಟು ಪರದೆಯೇ ಬಾರದೆ ಹೋದರೆ ಮದರ್‌ಬೋರ್ಡಿನ ‘ಕ್ಲಿಯರ್ ಸಿಮಾಸ್’ ಪಿನ್ ಅಥವಾ ಬಟನ್ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಅದು ಎಲ್ಲವನ್ನೂ ಫ್ಯಾಕ್ಟರಿ ಸ್ಥಿತಿಗೆ ತರುತ್ತದೆ.

ಒಂದು ಸಲಕ್ಕೆ ಒಂದೇ ಮೆಟ್ಟಿಲು

ಹುಡುಕುವ ಕ್ರಮ ಸರಳ, ಆದರೆ ತಾಳ್ಮೆ ಬೇಕು.

ವೋಲ್ಟೇಜನ್ನು ಒಂದು ಸಾಧಾರಣ ಮಟ್ಟದಲ್ಲಿ, ಉದಾಹರಣೆಗೆ 1.20ರಿಂದ 1.25 ವೋಲ್ಟಿನೊಳಗೆ ನಿಲ್ಲಿಸಿ. ಮಲ್ಟಿಪ್ಲೈಯರನ್ನು ಒಂದೊಂದಾಗಿ ಏರಿಸಿ, ಅಂದರೆ ಪ್ರತಿ ಸಲ 100 ಮೆಗಾಹರ್ಟ್ಸ್. ಪ್ರತಿ ಮೆಟ್ಟಿಲಿನಲ್ಲೂ ಹತ್ತು ಹದಿನೈದು ನಿಮಿಷದ ಸಣ್ಣ ಪರೀಕ್ಷೆ. ಪಾಸಾದರೆ ಇನ್ನೊಂದು ಮೆಟ್ಟಿಲು. ಫೇಲಾದ ಕಡೆ ನಿಂತು ವೋಲ್ಟೇಜನ್ನು 0.01 ಅಥವಾ 0.02 ವೋಲ್ಟ್ ಏರಿಸಿ ಮತ್ತೆ ಪರೀಕ್ಷಿಸಿ. ಹೀಗೆ ಹೋಗ್ತಾ ಹೋಗ್ತಾ ಒಂದು ಜಾಗ ಬರ್ತದೆ, ಅಲ್ಲಿ 100 ಮೆಗಾಹರ್ಟ್ಸ್‌ಗೆ ಸಿಕ್ಕಾಪಟ್ಟೆ ವೋಲ್ಟೇಜ್ ಕೇಳಲು ಶುರು ಮಾಡುತ್ತದೆ, ಇಲ್ಲವೇ ಉಷ್ಣತೆ ಮಿತಿ ಮುಟ್ಟುತ್ತದೆ. ನಿಮ್ಮ ಪ್ರೊಸೆಸರಿನ ಗೋಡೆ ಅದೇ. ಅಲ್ಲಿಂದ ಹಿಂದಕ್ಕೆ ಬನ್ನಿ.

ಒಂದೇ ಮಾದರಿಯ ಎರಡು ಪ್ರೊಸೆಸರಿನ ಗೋಡೆ ಒಂದೇ ಕಡೆ ಇರುವುದಿಲ್ಲ. ಒಂದೇ ಮರದ ಮಾವಿನಲ್ಲೂ ಸಿಹಿ ಹುಳಿ ಬೇರೆ ಬೇರೆ ಇರುವ ಹಾಗೆ, ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳಲ್ಲೂ ವ್ಯತ್ಯಾಸ ಇರುತ್ತದೆ. ಯಾರದ್ದೋ ಸೆಟ್ಟಿಂಗ್ ನಕಲು ಮಾಡಿದರೆ ಕೆಲಸ ಮಾಡದಿರಲು ಮೊದಲ ಕಾರಣ ಇದು.

ಇನ್ನೊಂದು ಕಾರಣ ‘ಲೋಡ್ ಲೈನ್’. ಬಯೋಸಿನಲ್ಲಿ ನೀವು 1.30 ಎಂದು ಹಾಕಿದರೂ ಭಾರ ಬಿದ್ದಾಗ ಪ್ರೊಸೆಸರಿಗೆ ತಲುಪುವುದು ಅದಕ್ಕಿಂತ ಕಡಿಮೆ. ಭಾರ ಎಳೆಯುವ ಲಾರಿ ಏರಿನಲ್ಲಿ ವೇಗ ಕಳಕೊಳ್ಳುವ ಹಾಗೆ. ಈ ಇಳಿಕೆಯನ್ನು ತುಂಬಿಕೊಡಲು ಬಯೋಸಿನಲ್ಲಿ ಲೋಡ್ ಲೈನ್ ಕ್ಯಾಲಿಬ್ರೇಶನ್ ಎಂಬ ಆಯ್ಕೆ ಉಂಟು. ಅದನ್ನು ನಡುವಿನ ಹಂತದಲ್ಲಿಡಿ. ಗರಿಷ್ಠಕ್ಕೆ ಇಟ್ಟರೆ ಭಾರ ಇಳಿದ ಕ್ಷಣದಲ್ಲಿ ವೋಲ್ಟೇಜ್ ಒಮ್ಮೆಲೇ ಮೇಲಕ್ಕೆ ಚಿಮ್ಮುತ್ತದೆ. ಹಾಗಾಗಿ ಬಯೋಸಿನಲ್ಲಿ ಬರೆದ ಸಂಖ್ಯೆಗಿಂತ ಭಾರ ಇರುವಾಗ ಎಚ್‌ಡಬ್ಲ್ಯುಇನ್ಫೋ ತೋರಿಸುವ ಸಂಖ್ಯೆಯನ್ನೇ ನಂಬಬೇಕು. ಮಿತಿ ಪೀಳಿಗೆಯಿಂದ ಪೀಳಿಗೆಗೆ ಬೇರೆಯಾದರೂ ಈಚಿನ ಪ್ರೊಸೆಸರುಗಳಲ್ಲಿ ಭಾರದ ವೇಳೆ 1.35 ವೋಲ್ಟ್ ದಾಟುವ ಮೊದಲು ಎರಡು ಸಲ ಯೋಚಿಸುವುದು ಒಳ್ಳೆಯದು.

ರೈಜನ್ ಬಳಸುವವರಿಗೆ ಇನ್ನೊಂದು ದಾರಿ ಉಂಟು, ಅದರ ಹೆಸರು ಕರ್ವ್ ಆಪ್ಟಿಮೈಸರ್. ಇಲ್ಲಿ ಪ್ರತಿ ಕೋರಿನ ವೋಲ್ಟೇಜನ್ನು ಸ್ವಲ್ಪ ಇಳಿಸಿದರೆ ಉಳಿದ ಬಿಸಿಯ ಜಾಗದಲ್ಲಿ ಪ್ರೊಸೆಸರ್ ತಾನಾಗಿಯೇ ವೇಗ ಏರಿಸಿಕೊಳ್ಳುತ್ತದೆ. ಆದರೆ ಇದರಲ್ಲಿ ಸೋಲು ಬರುವುದು ಭಾರ ಇರುವಾಗ ಅಲ್ಲ, ಯಂತ್ರ ಸುಮ್ಮನಿರುವಾಗ! ಬ್ರೌಸರ್ ತೆರೆದಿಟ್ಟು ಚಾ ಕುಡಿಯಲು ಹೋದಾಗ ರೀಸ್ಟಾರ್ಟ್ ಆಗಿರುತ್ತದೆ. ಅದಕ್ಕಾಗಿ ಒಂದೊಂದೇ ಕೋರನ್ನು ಬೇರೆ ಬೇರೆಯಾಗಿ ಪರೀಕ್ಷಿಸುವ ಕೋರ್‌ಸೈಕ್ಲರ್‌ನಂಥ ಸಾಧನ ಬಳಸಬೇಕು.

ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೆ ಸಾಕೇ?

ಬಿ.ಕಾಂ. ಓದಿದವರಿಗೆಲ್ಲ ಗೊತ್ತಿರುವ ಒಂದು ಪಾಠ ಉಂಟು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಲೆಕ್ಕದಲ್ಲಿ ತಪ್ಪು ಖಂಡಿತ ಇದೆ. ಆದರೆ ತಾಳೆಯಾಯಿತು ಎಂದಮಾತ್ರಕ್ಕೆ ತಪ್ಪಿಲ್ಲ ಎಂದಲ್ಲ. ಬರೆಯದೇ ಬಿಟ್ಟ ವ್ಯವಹಾರ, ಒಂದನ್ನೊಂದು ಮುಚ್ಚಿಹಾಕುವ ತಪ್ಪುಗಳು ಒಳಗೇ ಕೂತಿರಬಹುದು. ಸ್ಥಿರತೆಯ ಪರೀಕ್ಷೆಯೂ ಹಾಗೆಯೇ. ಫೇಲಾದರೆ ಸೆಟ್ಟಿಂಗ್ ಸರಿ ಇಲ್ಲ ಎಂಬುದು ಖಾತ್ರಿ. ಪಾಸಾದರೆ ‘ಇಷ್ಟು ಹೊತ್ತು, ಈ ಬಗೆಯ ಕೆಲಸದಲ್ಲಿ, ಈ ಉಷ್ಣತೆಯಲ್ಲಿ ತಪ್ಪು ಸಿಗಲಿಲ್ಲ’ ಎಂದಷ್ಟೇ ಅರ್ಥ.

ಹಾಗಾಗಿ ಒಂದೇ ಪರೀಕ್ಷೆ ನೆಚ್ಚಿಕೊಳ್ಳಬಾರದು. ಪ್ರೈಮ್95 ಹುಟ್ಟಿದ್ದು ಓವರ್‌ಕ್ಲಾಕಿಂಗಿಗಾಗಿ ಅಲ್ಲ. ಮರ್ಸೆನ್ ಎಂಬ ಜಾತಿಯ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು 1996ರಲ್ಲಿ ಶುರುವಾದ ಯೋಜನೆಯ ತಂತ್ರಾಂಶ ಅದು. ವಾರಗಟ್ಟಲೆ ನಡೆಯುವ ಲೆಕ್ಕದಲ್ಲಿ ಒಂದೇ ಒಂದು ತಪ್ಪಾದರೂ ಇಡೀ ಶ್ರಮ ವ್ಯರ್ಥ. ಅದಕ್ಕೇ ಪ್ರತಿ ಹೆಜ್ಜೆಯ ಉತ್ತರವನ್ನೂ ಅದು ಪರಿಶೀಲಿಸುತ್ತದೆ. ಅದು ಎಷ್ಟು ಸೂಕ್ಷ್ಮ ಎಂದರೆ, ಇಂಟೆಲ್ ಸ್ಕೈಲೇಕ್ ಪ್ರೊಸೆಸರಿನ ವಿನ್ಯಾಸದಲ್ಲೇ ಇದ್ದ ಒಂದು ದೋಷ ಬಯಲಾದದ್ದು ಈ ತಂತ್ರಾಂಶದಿಂದ. 2016ರ ಜನವರಿಯಲ್ಲಿ ಇಂಟೆಲ್ ಅದನ್ನು ಒಪ್ಪಿಕೊಂಡು ಬಯೋಸ್ ಅಪ್‌ಡೇಟ್ ಮೂಲಕ ಸರಿಪಡಿಸಿತು.

ಪ್ರೈಮ್95ರ ಸಣ್ಣ ಎಫ್‌ಎಫ್‌ಟಿ ಪರೀಕ್ಷೆ ಅತಿ ಹೆಚ್ಚು ಬಿಸಿ ತರುತ್ತದೆ, ದೊಡ್ಡದು ರ‍್ಯಾಮನ್ನೂ ಸೇರಿಸಿ ದುಡಿಸುತ್ತದೆ. ಓಸಿಸಿಟಿ ತಪ್ಪು ಕಂಡ ಕೂಡಲೇ ಎಚ್ಚರಿಸುತ್ತದೆ. ಕೊನೆಯ ಪರೀಕ್ಷೆ ನಿಮ್ಮದೇ ಕೆಲಸ. ವಿಡಿಯೋ ರೆಂಡರ್ ಮಾಡುವವರು ಉದ್ದದ ಒಂದು ರೆಂಡರನ್ನೇ ಹಾಕಿ ನೋಡಬೇಕು. ಸಣ್ಣ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಒಂದು ರಾತ್ರಿ ಪೂರ್ತಿ ಓಡಿಸಿ, ಮತ್ತೆ ಒಂದು ವಾರ ಸಾಧಾರಣ ಬಳಕೆಯಲ್ಲಿ ನೋಡಿ, ಆಮೇಲೆಯೇ ‘ಸ್ಥಿರ’ ಎಂಬ ಮಾತು.

ಪರೀಕ್ಷೆ ಮುಗಿದ ಮೇಲೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ‘ವೀಯಾ ಲಾಗರ್’ ಹೆಸರಿನ ನಮೂದುಗಳನ್ನು ಹುಡುಕಿ. 19ನೇ ನಂಬರಿನ ನಮೂದು ಇದ್ದರೆ ಪ್ರೊಸೆಸರಿನಲ್ಲಿ ತಪ್ಪಾಗಿದೆ, ಯಂತ್ರ ಅದನ್ನು ತಾನೇ ತಿದ್ದಿಕೊಂಡಿದೆ ಎಂದರ್ಥ. 18 ಇದ್ದರೆ ತಿದ್ದಲಾಗದ ತಪ್ಪು. ಪರದೆಯ ಮೇಲೆ ಎಲ್ಲವೂ ಸರಿ ಕಂಡರೂ 19 ಬರುತ್ತಿದ್ದರೆ ಸೆಟ್ಟಿಂಗ್ ಪಾಸಾಗಿಲ್ಲ.

ಸದ್ದಿಲ್ಲದ ತಪ್ಪು

ನೀಲಿ ಪರದೆ ನಿಜಕ್ಕೂ ಉಪಕಾರಿ, ಏನೋ ಕೆಟ್ಟಿದೆ ಎಂದು ಹೇಳುತ್ತದಲ್ಲ. ಹೆದರಬೇಕಾದದ್ದು ಸದ್ದಿಲ್ಲದೆ ತಪ್ಪು ಉತ್ತರ ಕೊಡುವ ಪ್ರೊಸೆಸರಿಗೆ. ಇದು ಬರೀ ಕಲ್ಪನೆಯಲ್ಲ. 2021ರಲ್ಲಿ ಫೇಸ್‌ಬುಕ್‌ನ ಎಂಜಿನಿಯರುಗಳು ಪ್ರಕಟಿಸಿದ ಪ್ರಬಂಧದಲ್ಲಿ ಇಂಥದ್ದೊಂದು ಪ್ರಕರಣ ಉಂಟು. ಅವರ ಸರ್ವರ್ ಒಂದರಲ್ಲಿ ಕೆಲವು ಫೈಲುಗಳು ಕಾಣೆಯಾಗುತ್ತಿದ್ದವು. ಬೇರು ಹುಡುಕಿದಾಗ ಸಿಕ್ಕಿದ್ದು ಪ್ರೊಸೆಸರಿನ ಒಂದು ಕೋರ್. 1.1ರ 53ನೇ ಘಾತದ ಪೂರ್ಣಾಂಕ 156 ಬರಬೇಕಾದ ಕಡೆ ಅದು 0 ಎನ್ನುತ್ತಿತ್ತು. ಫೈಲಿನ ಗಾತ್ರ ಸೊನ್ನೆ ಎಂದು ತಿಳಿದ ತಂತ್ರಾಂಶ ಅದನ್ನು ಬರೆಯದೇ ಬಿಡುತ್ತಿತ್ತು. ಆ ಯಂತ್ರವನ್ನು ಯಾರೂ ಓವರ್‌ಕ್ಲಾಕ್ ಮಾಡಿರಲಿಲ್ಲ, ಅದು ಚಿಪ್ಪಿನದ್ದೇ ದೋಷ. ಹಾಗಿರುವಾಗ ನಾವೇ ಮಿತಿ ದಾಟಿಸಿದ ಪ್ರೊಸೆಸರಿನ ಮೇಲೆ ಎಷ್ಟು ಭರವಸೆ ಇಡಬಹುದು?

ಸ್ಟುಡಿಯೋದವರಿಗೆ ಇದು ಬಹಳ ಮುಖ್ಯ. ಯಾರದ್ದೋ ನಿಖಾಹ್‌ನ ವಿಡಿಯೋ ನಿಮ್ಮ ಡಿಸ್ಕಿನಲ್ಲಿದ್ದರೆ ಅದು ನಿಮ್ಮ ಬಳಿ ಇರುವ ಅಮಾನತ್. ಆ ದಿನ ಮತ್ತೆ ಬರುವುದಿಲ್ಲ. ನಾಲ್ಕು ನಿಮಿಷ ಉಳಿಸಲು ಹೋಗಿ ಅದನ್ನು ಅಪಾಯಕ್ಕೆ ಒಡ್ಡುವ ಹಕ್ಕು ಯಾರಿಗೂ ಇಲ್ಲ.

ಬೆಟ್ಟದ ಲೆಕ್ಕ, ಕಡಲಿನ ಲೆಕ್ಕ

ಈಗ ತಾಳವಾಡಿಗೆ ಬರೋಣ. ಗಾಳಿಯಿಂದ ತಂಪಾಗುವ ಪ್ರೊಸೆಸರ್ ಕೋಣೆಯ ಗಾಳಿಗಿಂತ ತಂಪಾಗಲು ಸಾಧ್ಯವೇ ಇಲ್ಲ. ಕೋಣೆಗಿಂತ ಎಷ್ಟು ಡಿಗ್ರಿ ಮೇಲೆ ಎಂಬುದೇ ಕೂಲರಿನ ಸಾಮರ್ಥ್ಯದ ಅಳತೆ. ಡಿಸೆಂಬರಿನ ಬೆಳಗ್ಗೆ ತಾಳವಾಡಿಯ ಒಂದು ಕೋಣೆಯಲ್ಲಿ 18 ಡಿಗ್ರಿ ಇದೆ, ಪರೀಕ್ಷೆಯಲ್ಲಿ ಪ್ರೊಸೆಸರ್ 78 ಮುಟ್ಟಿತು ಎನ್ನಿ. ವ್ಯತ್ಯಾಸ 60. ಅದೇ ಯಂತ್ರವನ್ನು ಅದೇ ಸೆಟ್ಟಿಂಗಿನಲ್ಲಿ ಏಪ್ರಿಲ್‌ನಲ್ಲಿ ಮಂಗಳೂರಿಗೆ ತಂದು 33 ಡಿಗ್ರಿಯ ಕೋಣೆಯಲ್ಲಿಟ್ಟರೆ 33 ಕೂಡಿಸು 60, ಅಂದರೆ 93. ಸೋರಿಕೆಯ ಬಿಸಿ ಸೇರಿದರೆ ಇನ್ನೂ ಮೇಲೆ. ಇಂಟೆಲ್‌ನ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರುಗಳ ಮಿತಿ 100 ಡಿಗ್ರಿ, ರೈಜನ್ 7000 ಸಾಲಿನ ಹೆಚ್ಚಿನವಕ್ಕೆ 95. ಮಿತಿ ಮುಟ್ಟಿದ ಕೂಡಲೇ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸುತ್ತದೆ. ಬೆಟ್ಟದಲ್ಲಿ ಓಡಿದ 4.8 ಕಡಲ ಬದಿಯಲ್ಲಿ 4.5ಕ್ಕೇ ಬಂದು ನಿಲ್ಲಬಹುದು, ಇಲ್ಲವೇ ಅದಕ್ಕೂ ಮೊದಲೇ ಹ್ಯಾಂಗ್ ಆಗಬಹುದು.

ಎತ್ತರದ ಊರಿಗೆ ಒಂದು ಸಣ್ಣ ನಷ್ಟವೂ ಉಂಟು. ಸಾವಿರ ಮೀಟರ್ ಏರಿದರೆ ಗಾಳಿಯ ಸಾಂದ್ರತೆ ಸುಮಾರು ಶೇ. 10 ಇಳಿಯುತ್ತದೆ. ಅದೇ ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಹೊತ್ತೊಯ್ಯುವ ಬಿಸಿ ಸ್ವಲ್ಪ ಕಡಿಮೆ. ಆದರೆ ಅದೇ ಸಾವಿರ ಮೀಟರಿಗೆ ಉಷ್ಣತೆಯೂ ಸರಾಸರಿ ಆರೂವರೆ ಡಿಗ್ರಿ ಇಳಿಯುವುದರಿಂದ ಒಟ್ಟು ಲೆಕ್ಕದಲ್ಲಿ ಬೆಟ್ಟದವರಿಗೇ ಲಾಭ.

ಹಾಗಂತ ತಾಳವಾಡಿಯವರು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಅಲ್ಲೂ ಮಾರ್ಚ್, ಏಪ್ರಿಲ್ ಬಂದೇ ಬರುತ್ತದೆ. ಚಳಿಗಾಲದ ರಾತ್ರಿ ಪಾಸಾದ ಸೆಟ್ಟಿಂಗ್ ಬೇಸಿಗೆಯ ಮಧ್ಯಾಹ್ನದ ಪರೀಕ್ಷೆ ಬರೆದಿಲ್ಲ. ಆದ್ದರಿಂದ ನಿಯಮ ಹೀಗೆ: ಪರೀಕ್ಷೆಯ ದಿನದ ಗರಿಷ್ಠ ಉಷ್ಣತೆಗೆ, ನಿಮ್ಮ ಕೋಣೆಯ ಅತಿ ಸೆಕೆಯ ದಿನಕ್ಕೂ ಆ ದಿನಕ್ಕೂ ಇರುವ ವ್ಯತ್ಯಾಸ ಕೂಡಿಸಿ. ಮೊತ್ತ 85 ದಾಟದ ಹಾಗೆ ಸೆಟ್ಟಿಂಗ್ ಇಳಿಸಿ. ಮೇಲಿನ ಲೆಕ್ಕದ ಯಂತ್ರ ಕರಾವಳಿಗೆ ಹೋಗುವುದಾದರೆ ಮೊದಲೇ ಎಂಟು ಡಿಗ್ರಿಯಾದರೂ ಇಳಿಸಿಕೊಂಡಿರಬೇಕು. ಕಾಲೇಜಿಗೆ, ಕೆಲಸಕ್ಕೆ ಎಂದು ಊರು ಬದಲಿಸುವಾಗ ಫ್ಯಾಕ್ಟರಿ ಸೆಟ್ಟಿಂಗಿಗೆ ಮರಳಿ, ಹೊಸ ಊರಿನಲ್ಲಿ ಮತ್ತೆ ಮೊದಲಿನಿಂದ ಶುರು ಮಾಡುವುದೇ ಸುರಕ್ಷಿತ. ಕರಾವಳಿಯಲ್ಲಿ ಇದರ ಮೇಲೆ ತೇವ ಮತ್ತು ಉಪ್ಪಿನ ಗಾಳಿ ಬೇರೆ. ವರ್ಷಕ್ಕೆರಡು ಸಲ ಕೂಲರ್ ಬಿಚ್ಚಿ ಧೂಳು ತೆಗೆಯದಿದ್ದರೆ ಹಳೆಯ ಪರೀಕ್ಷೆಗೆ ಬೆಲೆ ಇಲ್ಲ.

ಕರೆಂಟ್ ಮತ್ತು ಯುಪಿಎಸ್

ಕಾಡಿನಂಚಿನ ಊರುಗಳಲ್ಲಿ ಗಾಳಿಮಳೆಗೆ ಮರ ಬಿದ್ದರೆ ಕರೆಂಟ್ ಹೋಗುವುದು ಹೊಸತಲ್ಲ, ನಮ್ಮ ಕಡೆಯ ಮಳೆಗಾಲವೂ ಹಾಗೆಯೇ. ಬಯೋಸ್ ಅಪ್‌ಡೇಟ್ ಆಗುತ್ತಿರುವಾಗ ಕರೆಂಟ್ ಹೋದರೆ ಮದರ್‌ಬೋರ್ಡೇ ಏಳದೆ ಹೋಗಬಹುದು. ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕ್ಬೇಡಿ.

ಯುಪಿಎಸ್‌ನಲ್ಲೂ ಲೆಕ್ಕ ಉಂಟು. 600 ವಿಎ ಎಂದು ಬರೆದಿರುವ ಸಣ್ಣ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವಾಟ್ ಮಾತ್ರ. ಕೋರ್ ಐ9-14900ಕೆ ಒಂದೇ ಫ್ಯಾಕ್ಟರಿ ಮಿತಿಯಲ್ಲಿ 253 ವಾಟ್ ಎಳೆಯುತ್ತದೆ. ಅದರ ಮೇಲೆ ಓವರ್‌ಕ್ಲಾಕ್, ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಸೇರಿದರೆ ಕರೆಂಟ್ ಹೋದ ಕ್ಷಣವೇ ಯುಪಿಎಸ್ ಕೂಡ ಕೈಕೊಡುತ್ತದೆ. ಪ್ರೊಸೆಸರ್ ದೋಷ ಎಂದು ತಿಳಿದ ಎಷ್ಟೋ ರೀಸ್ಟಾರ್ಟುಗಳಿಗೆ ಕಾರಣ ಅಗ್ಗದ ಪವರ್ ಸಪ್ಲೈ ಅಥವಾ ಸರಿಯಿಲ್ಲದ ಅರ್ಥಿಂಗ್ ಆಗಿರುತ್ತದೆ. ಅದನ್ನು ಮೊದಲು ನೋಡಬೇಕು.

ರಿಪೇರಿಯ ಮಾತೂ ಇದೆ. ಮಂಗಳೂರಿನಲ್ಲಿ ಬೋರ್ಡ್ ಹೋದರೆ ಸಂಜೆಯೊಳಗೆ ಅಂಗಡಿಗೆ ಹೋಗಿ ಬರಬಹುದು. ತಾಳವಾಡಿಯವರಿಗೆ ಚಾಮರಾಜನಗರ, ಮೈಸೂರು, ಇಲ್ಲವೇ ಘಾಟಿ ಇಳಿದು ಸತ್ಯಮಂಗಲ, ಈರೋಡ್. 2022ರ ಫೆಬ್ರವರಿಯಿಂದ ಆ ಘಾಟಿಯಲ್ಲಿ ರಾತ್ರಿ ವಾಹನ ಸಂಚಾರಕ್ಕೆ ಕೋರ್ಟಿನ ನಿರ್ಬಂಧವೂ ಇದೆ. ಒಂದು ಸುಟ್ಟ ಬೋರ್ಡ್ ಎಂದರೆ ಒಂದು ಇಡೀ ದಿನದ ದುಡಿಮೆ.

ಕಂಪೆನಿಗಳೂ ಎಡವಿದ ಜಾಗ

ವೋಲ್ಟೇಜಿನ ವಿಷಯದಲ್ಲಿ ದೊಡ್ಡ ದೊಡ್ಡ ಕಂಪೆನಿಗಳೇ ಪಾಠ ಕಲಿತಿವೆ. 2023ರ ಏಪ್ರಿಲ್‌ನಲ್ಲಿ ರೈಜನ್ 7000 ಎಕ್ಸ್3ಡಿ ಸಾಲಿನ ಕೆಲವು ಪ್ರೊಸೆಸರುಗಳು ಮದರ್‌ಬೋರ್ಡಿನ ಸಾಕೆಟ್‌ನಲ್ಲೇ ಸುಟ್ಟವು. ರ‍್ಯಾಮಿನ ಎಕ್ಸ್‌ಪೋ ಆಯ್ಕೆ ಹಾಕಿದಾಗ ಬೋರ್ಡುಗಳು ಎಸ್‌ಒಸಿ ವೋಲ್ಟೇಜನ್ನು ವಿಪರೀತ ಏರಿಸುತ್ತಿದ್ದವು. ಎಎಂಡಿ ಅದಕ್ಕೆ 1.3 ವೋಲ್ಟಿನ ಮಿತಿ ಹಾಕಿತು.

2024ರಲ್ಲಿ ಇಂಟೆಲ್‌ನ ಸರದಿ. 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಆಟದ ನಡುವೆ ಕ್ರ್ಯಾಶ್ ಆಗುತ್ತಿವೆ ಎಂಬ ದೂರುಗಳು ಹೆಚ್ಚಾದವು. ಪ್ರೊಸೆಸರಿನ ಮೈಕ್ರೋಕೋಡ್ ಅಗತ್ಯಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುತ್ತಿತ್ತು, ಅದರಿಂದ ಚಿಪ್ ನಿಧಾನವಾಗಿ ಸವೆಯುತ್ತಿತ್ತು ಎಂದು ಕಂಪೆನಿ ಹೇಳಿತು. ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಹೊಸ ಮೈಕ್ರೋಕೋಡ್ ಬಂತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಆದರೆ ಆಗಲೇ ಸವೆದ ಚಿಪ್ಪನ್ನು ಯಾವ ಅಪ್‌ಡೇಟೂ ಮೊದಲಿನಂತೆ ಮಾಡಲಾರದು. ಈ ಪೀಳಿಗೆಯ ಪ್ರೊಸೆಸರ್ ಇರುವವರು ಓವರ್‌ಕ್ಲಾಕ್ ಬಿಟ್ಟು ಮೊದಲು ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಬೇಕು. ಸವೆತ ಎಂಬುದು ನಿಜ, ಈ ವರ್ಷ ಸ್ಥಿರವಾಗಿದ್ದ ಸೆಟ್ಟಿಂಗ್ ಎರಡು ವರ್ಷದ ಮೇಲೆ ಸ್ಥಿರವಾಗಿರಬೇಕೆಂದಿಲ್ಲ.

ಚಿಪ್ ವಿನ್ಯಾಸ ನಮಗೆ ದೂರದ ಸಂಗತಿಯೂ ಅಲ್ಲ. 2008ರಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಆರು ಕೋರುಗಳ ಝಿಯಾನ್ 7400 ಪ್ರೊಸೆಸರಿನ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ. ಎಎಂಡಿ 2023ರ ನವೆಂಬರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದೂ ಬೆಂಗಳೂರಿನಲ್ಲೇ. ಮನೆಯ ಯಂತ್ರದಲ್ಲಿ ವೋಲ್ಟೇಜ್, ಬಿಸಿ, ತಪ್ಪುಗಳ ಲೆಕ್ಕವನ್ನು ನೋಟ್‌ಬುಕ್‌ನಲ್ಲಿ ಬರೆದು ಕಲಿಯುವ ಹುಡುಗ ಹುಡುಗಿಯರಿಗೆ ಆ ಕಲಿಕೆ ಮುಂದೆ ಉಪಯೋಗಕ್ಕೆ ಬರಬಹುದು.

ಲಾಭ ನಷ್ಟದ ಪಟ್ಟಿ

ಕೊನೆಗೆ ಲೆಕ್ಕ ನೋಡೋಣ. 4.5ರಲ್ಲಿ ಒಂದು ಗಂಟೆ ತೆಗೆದುಕೊಳ್ಳುವ ರೆಂಡರ್ 4.8ರಲ್ಲಿ, ಎಲ್ಲವೂ ಸರಿಯಾಗಿ ನಡೆದರೆ, ಸುಮಾರು 56 ನಿಮಿಷದಲ್ಲಿ ಮುಗಿಯುತ್ತದೆ. ಉಳಿತಾಯ ನಾಲ್ಕು ನಿಮಿಷಕ್ಕೂ ಕಡಿಮೆ. ಹತ್ತು ರೆಂಡರಿಗೆ 38 ನಿಮಿಷದಷ್ಟು. ಆ ಹತ್ತರಲ್ಲಿ ಒಂದೇ ಒಂದು ಸಲ 40ನೇ ನಿಮಿಷದಲ್ಲಿ ಕ್ರ್ಯಾಶ್ ಆದರೂ ಉಳಿಸಿದ್ದೆಲ್ಲ ಹೋಯಿತು. ಯಂತ್ರ 60 ವಾಟ್ ಜಾಸ್ತಿ ಎಳೆದರೆ ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 14 ಯೂನಿಟ್‌ಗೂ ಮಿಕ್ಕಿ ಕರೆಂಟ್. ಅದಲ್ಲದೆ, ಓವರ್‌ಕ್ಲಾಕಿಂಗ್‌ನಿಂದ ಆದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.

ಹಾಗಾದರೆ ಮಾಡಲೇಬಾರದೇ? ಕಲಿಯಲಿಕ್ಕೆ, ಆಟಕ್ಕೆ, ಹಳೆಯ ಯಂತ್ರಕ್ಕೆ ಇನ್ನೊಂದು ವರ್ಷದ ಆಯುಸ್ಸು ಕೊಡಲಿಕ್ಕೆ ಮಾಡಬಹುದು. ದುಡಿಮೆಯ ಯಂತ್ರಕ್ಕೆ ಇದರ ತಮ್ಮನಂಥ ಇನ್ನೊಂದು ದಾರಿ ಹೆಚ್ಚು ಒಳ್ಳೆಯದು: ಅಂಡರ್‌ವೋಲ್ಟಿಂಗ್. ವೇಗ ಹಾಗೇ ಇಟ್ಟು ವೋಲ್ಟೇಜನ್ನು 0.01ರಷ್ಟು ಮೆಲ್ಲಗೆ ಇಳಿಸುತ್ತಾ, ಮೇಲೆ ಹೇಳಿದ ಅದೇ ಪರೀಕ್ಷೆಗಳನ್ನು ನಡೆಸುವುದು. ಬಿಸಿ ಕಡಿಮೆ, ಫ್ಯಾನಿನ ಸದ್ದು ಕಡಿಮೆ, ಬಿಲ್ಲೂ ಕಡಿಮೆ. ಕರಾವಳಿಯ ಸೆಕೆಯಲ್ಲಿ ಬಿಸಿಯಿಂದ ವೇಗ ಕಳೆದುಕೊಳ್ಳುತ್ತಿದ್ದ ಪ್ರೊಸೆಸರ್ ಇದರಿಂದ ಮೊದಲಿಗಿಂತ ಬೇಗ ಓಡುವುದೂ ಉಂಟು.

ಇನ್ನೊಂದು ಮಾತು ವ್ಯಾಪಾರಸ್ಥ ಸಮುದಾಯವಾದ ನಮಗೆ. ವರ್ಷಗಟ್ಟಲೆ ಓವರ್‌ಕ್ಲಾಕ್‌ನಲ್ಲಿ ಓಡಿಸಿದ ಪ್ರೊಸೆಸರನ್ನು ‘ಸ್ವಲ್ಪವೇ ಬಳಸಿದ್ದು’ ಎಂದು ಸೆಕೆಂಡ್ ಹ್ಯಾಂಡ್ ಮಾರುವುದು ನಡೆಯುತ್ತಿದೆ. ಹೊರಗಿನಿಂದ ನೋಡಿ ಅದರ ಸವೆತ ಕಂಡುಹಿಡಿಯಲು ಕೊಳ್ಳುವವನಿಗೆ ಸಾಧ್ಯವಿಲ್ಲ. ಮಾಲಿನ ದೋಷ ಮುಚ್ಚಿಟ್ಟು ಮಾರುವುದು ನಮ್ಮ ದೀನಿನಲ್ಲಿ ಸಲ್ಲದು ಎಂಬುದು ಮದ್ರಸಕ್ಕೆ ಹೋದ ಮಗುವಿಗೂ ಗೊತ್ತು. ಎಷ್ಟು ವೋಲ್ಟಿನಲ್ಲಿ, ಎಷ್ಟು ಕಾಲ ಓಡಿಸಿದೆ ಎಂದು ಬಾಯಿಬಿಟ್ಟು ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಿ. ಕೊಳ್ಳುವವರು ಕೂಡ ದುಡ್ಡು ಕೊಡುವ ಮೊದಲು ಫ್ಯಾಕ್ಟರಿ ಸೆಟ್ಟಿಂಗಿನಲ್ಲಿ ಅರ್ಧ ಗಂಟೆ ಓಸಿಸಿಟಿ ಓಡಿಸಿ, ಈವೆಂಟ್ ವ್ಯೂವರ್ ತೆರೆದು 18, 19ರ ನಮೂದು ಇದೆಯೇ ಎಂದು ನೋಡಿಯೇ ತೆಗೆದುಕೊಳ್ಳಿ.